ಸಾಮಾನ್ಯ ಭಾಷೆಯಲ್ಲಿ ಬರೆಯಿರಿ, ವಿಶೇಷ ಸಾಧನದಲ್ಲಿ ಲೆಕ್ಕ ಹಾಕಿ: ಸಂಭವನೀಯ ತರ್ಕ ಮಾದರಿ ಕಟ್ಟುವ ಕ್ರಮ

ತರ್ಕದ ನಿಯಮಗಳಿಗೆ ಸಂಭವನೀಯತೆಯನ್ನು ಜೋಡಿಸಿ ಮಾದರಿ ಕಟ್ಟಲು ಹೊರಟವರಿಗೆಲ್ಲ ಬೇಗನೆ ಎದುರಾಗುವ ಪ್ರಶ್ನೆ ಒಂದಿದೆ. ಏನನ್ನು ಬೇಕಾದರೂ ಬರೆಯಬಲ್ಲ ಸಾಮಾನ್ಯ ಚೌಕಟ್ಟನ್ನು ಹಿಡಿಯಬೇಕೋ, ಒಂದೇ ಬಗೆಯ ಸಮಸ್ಯೆಯನ್ನು ಕ್ಷಣಾರ್ಧದಲ್ಲಿ ಬಿಡಿಸುವ ವಿಶೇಷ ಸಾಧನವನ್ನೋ? ಪ್ರಾಬ್‌ಲಾಗ್ (ತರ್ಕದ ಸಂಗತಿಗಳಿಗೆ ಸಂಭವನೀಯತೆ ಹಚ್ಚಿ ಬರೆಯುವ ಪ್ರೋಗ್ರಾಮಿಂಗ್ ಭಾಷೆ), ಮಾರ್ಕೊವ್ ತರ್ಕ ಜಾಲ (ನಿಯಮಗಳಿಗೆ ತೂಕ ಕೊಡುವ ಚೌಕಟ್ಟು) ಮುಂತಾದವು ಮೊದಲ ಗುಂಪಿಗೆ ಸೇರಿದವು. ಹಿಡನ್ ಮಾರ್ಕೊವ್ ಮಾದರಿ (ನೇರವಾಗಿ ಕಾಣದ ಸ್ಥಿತಿ ಕಾಲಕ್ರಮದಲ್ಲಿ ಬದಲಾಗುವುದನ್ನು ಲೆಕ್ಕ ಹಾಕುವ ಮಾದರಿ), ಜಾಲಗಳ ವಿಶ್ವಾಸಾರ್ಹತೆಯ ಸಿದ್ಧ ಸೂತ್ರಗಳು ಎರಡನೆಯ ಗುಂಪಿಗೆ ಸೇರಿದವು.

ಇವೆರಡರಲ್ಲಿ ಒಂದನ್ನು ಆರಿಸಿ ಇನ್ನೊಂದನ್ನು ಬಿಡುವುದು ಸರಿಯಲ್ಲ ಎಂಬುದು ನನ್ನ ನಿಲುವು. ನಮಗೆ ತಿಳಿದಿರುವುದನ್ನು ಸಾಮಾನ್ಯ ಭಾಷೆಯಲ್ಲಿ, ಅಂದರೆ ಮೊದಲ ಗುಂಪಿನ ಚೌಕಟ್ಟಿನಲ್ಲಿ, ಪೂರ್ತಿಯಾಗಿ ಬರೆದಿಡಬೇಕು. ಲೆಕ್ಕ ಎಲ್ಲಿ ಭಾರವಾಗುತ್ತದೋ ಆ ತುಂಡನ್ನು ಮಾತ್ರ ವಿಶೇಷ ಸಾಧನಕ್ಕೆ ಒಪ್ಪಿಸಬೇಕು. ಒಪ್ಪಿಸಿದ ಮೇಲೂ ಸಾಮಾನ್ಯ ಮಾದರಿಯನ್ನು ಎಸೆಯದೆ ತೀರ್ಪುಗಾರನಾಗಿ ಉಳಿಸಿಕೊಳ್ಳಬೇಕು. ಇದನ್ನು ಮಾಡುವ ಕ್ರಮವನ್ನು ಒಂದು ಪುಟ್ಟ ವಿದ್ಯುತ್ ಜಾಲವನ್ನು ಮುಂದಿಟ್ಟುಕೊಂಡು ವಿವರಿಸುತ್ತೇನೆ. ಎಲ್ಲ ಲೆಕ್ಕವನ್ನೂ ಕಾಗದದ ಮೇಲೆ ಮಾಡಬಹುದು, ಮಾಡಿ ನೋಡಿ. ಸಂಭವನೀಯತೆಯ ಗುಣಾಕಾರದ ನಿಯಮ ಗೊತ್ತಿದ್ದರೆ ಸಾಕು. ಪ್ರೋಲಾಗ್ ಭಾಷೆಯ ಪರಿಚಯ ಇದ್ದರೆ ಇನ್ನೂ ಸಲೀಸು.

ಹಂತ 1: ಪ್ರಶ್ನೆ ಯಾವ ಜಾತಿಯದು ಎಂದು ಮೊದಲು ಬರೆದುಕೊಳ್ಳಿ

"ಆಸ್ಪತ್ರೆಗೆ ವಿದ್ಯುತ್ ತಲುಪುವ ಸಂಭವನೀಯತೆ ಎಷ್ಟು?" ಎಂಬುದು ಒಂದು ಜಾತಿಯ ಪ್ರಶ್ನೆ. "ವಿದ್ಯುತ್ ತಲುಪಿಲ್ಲ, ಹಾಗಾದರೆ ಯಾವ ಲೈನ್‌ಗಳು ಕೆಟ್ಟಿರುವ ಸಾಧ್ಯತೆ ಅತಿ ಹೆಚ್ಚು?" ಎಂಬುದು ಬೇರೆ ಜಾತಿ. ಮೊದಲನೆಯದಕ್ಕೆ ಎಲ್ಲ ಸಾಧ್ಯ ಸ್ಥಿತಿಗಳ ಮೊತ್ತ ಬೇಕು. ಎರಡನೆಯದಕ್ಕೆ ಅವುಗಳಲ್ಲಿ ಅತಿ ಸಂಭವನೀಯವಾದ ಒಂದೇ ಸ್ಥಿತಿ ಸಾಕು. ಎರಡನೆಯದಕ್ಕೆಂದೇ ರೂಪಿಸಿದ ವೇಗದ ಸಾಧನವನ್ನು ಮೊದಲನೆಯದಕ್ಕೆ ಬಳಸಿದರೆ ಅದೂ ಒಂದು ಸಂಖ್ಯೆಯನ್ನು ಕೊಡುತ್ತದೆ, ಆದರೆ ನೀವು ಕೇಳಿದ್ದು ಆ ಸಂಖ್ಯೆಯಲ್ಲ. ಹಾಗಾಗಿ ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆದು ಕಡತದ ಮೊದಲ ಸಾಲಿನಲ್ಲೇ ಇಡಿ.

ಹಂತ 2: ವೇಗದ ಯೋಚನೆ ಬಿಟ್ಟು, ಸಾಮಾನ್ಯ ಭಾಷೆಯಲ್ಲಿ ಪೂರ್ತಿ ಬರೆಯಿರಿ

ನಮ್ಮ ಜಾಲದಲ್ಲಿ ಒಂದು ಉಪಕೇಂದ್ರ, ಒಂದು ಆಸ್ಪತ್ರೆ, ನಡುವೆ ಅ ಮತ್ತು ಬ ಎಂಬ ಎರಡು ಕೂಡುತಾಣಗಳಿವೆ. ಒಟ್ಟು ಐದು ಲೈನ್‌ಗಳು, ಅವುಗಳಲ್ಲಿ ಒಂದು ಅ-ಬ ನಡುವಿನ ಅಡ್ಡ ಲೈನ್. ಪ್ರತಿ ಲೈನ್ ಸರಿಯಾಗಿರುವ ಸಂಭವನೀಯತೆಯನ್ನು ಅದರ ಮುಂದೆ ಬರೆದಿದೆ. ಕನ್ನಡದಲ್ಲಿ ಓದಲು ಅನುಕೂಲವಾಗುವಂತೆ ಹೆಸರುಗಳನ್ನು ಇಟ್ಟಿದ್ದೇನೆ, ರೂಪ ಮಾತ್ರ ಪ್ರಾಬ್‌ಲಾಗ್‌ನದೇ:

0.9 :: ಲೈನ್(ಕೇಂದ್ರ, ಅ).
0.8 :: ಲೈನ್(ಕೇಂದ್ರ, ಬ).
0.9 :: ಲೈನ್(ಅ, ಆಸ್ಪತ್ರೆ).
0.8 :: ಲೈನ್(ಬ, ಆಸ್ಪತ್ರೆ).
0.5 :: ಲೈನ್(ಅ, ಬ).

ಕೊಂಡಿ(ಎಕ್ಸ್, ವೈ) :- ಲೈನ್(ಎಕ್ಸ್, ವೈ).
ಕೊಂಡಿ(ಎಕ್ಸ್, ವೈ) :- ಲೈನ್(ವೈ, ಎಕ್ಸ್).

ವಿದ್ಯುತ್(ಕೇಂದ್ರ).
ವಿದ್ಯುತ್(ವೈ) :- ವಿದ್ಯುತ್(ಎಕ್ಸ್), ಕೊಂಡಿ(ಎಕ್ಸ್, ವೈ).

ಇಷ್ಟೇ. ':-' ಎಂದರೆ ಬಲಬದಿಯದು ನಿಜವಾದರೆ ಎಡಬದಿಯದೂ ನಿಜ ಎಂದರ್ಥ. ಕೊನೆಯ ನಿಯಮ ಹೇಳುವುದು: ಎಕ್ಸ್‌ನಲ್ಲಿ ವಿದ್ಯುತ್ ಇದ್ದು, ಎಕ್ಸ್‌ಗೂ ವೈಗೂ ಕೊಂಡಿ ಇದ್ದರೆ, ವೈನಲ್ಲೂ ವಿದ್ಯುತ್ ಇದೆ. ಇಲ್ಲಿ ಅ-ಯಿಂದ ಬ-ಗೆ, ಬ-ಯಿಂದ ಮತ್ತೆ ಅ-ಗೆ ಸುತ್ತು ಬರುತ್ತದೆ ಎಂಬುದನ್ನು ಗಮನಿಸಿ. ಸಂಭವನೀಯತೆಯ ಇನ್ನೊಂದು ಮಾದರಿಯಾದ ಬೇಯ್ಸ್ ಜಾಲ ಇಂಥ ಸುತ್ತನ್ನು ಒಪ್ಪುವುದಿಲ್ಲ. ಪ್ರಾಬ್‌ಲಾಗ್ ಒಪ್ಪುತ್ತದೆ. 2007ರಲ್ಲಿ ಲುಕ್ ಡಿ ರಾಟ್, ಆಂಗೆಲಿಕಾ ಕಿಮ್ಮಿಗ್ ಮತ್ತು ಹನ್ನು ಟೊಯ್ವೊನೆನ್ ಅದನ್ನು ಪರಿಚಯಿಸಿದ್ದೇ ಇಂಥ ಕೆಲಸಕ್ಕೆ: ಜೀನ್, ಪ್ರೋಟೀನ್, ರೋಗಗಳ ನಡುವಿನ ಅನಿಶ್ಚಿತ ಕೊಂಡಿಗಳ ದೊಡ್ಡ ಜಾಲದಲ್ಲಿ ಎರಡು ಬಿಂದುಗಳಿಗೆ ನಂಟಿದೆಯೇ ಎಂದು ಕೇಳಲು. ಅದರ ಅಡಿಪಾಯವಾದ ಅರ್ಥನಿರೂಪಣೆಯನ್ನು ಜಪಾನಿನ ತೈಸುಕೆ ಸಾತೋ 1995ರಲ್ಲಿ ಕೊಟ್ಟರು. ಅದು ಸರಳವಾಗಿದೆ: ಪ್ರತಿ ಸಂಭವನೀಯ ಸಂಗತಿಯೂ ಉಳಿದವುಗಳ ಹಂಗಿಲ್ಲದೆ ನಿಜವೋ ಸುಳ್ಳೋ ಆಗುತ್ತದೆ. ಹಾಗೆ ಹುಟ್ಟುವ ಒಂದೊಂದು ಲೋಕದಲ್ಲೂ ನಿಯಮಗಳು ಖಚಿತವಾಗಿ ನಡೆಯುತ್ತವೆ. ನಮ್ಮ ಉತ್ತರ ನಿಜವಾಗುವ ಲೋಕಗಳ ತೂಕವನ್ನೆಲ್ಲ ಕೂಡಿದರೆ ಸಂಭವನೀಯತೆ ಸಿಗುತ್ತದೆ.

ಸಂಗತಿಗಳು ಹೀಗೆ ಸ್ವತಂತ್ರವಾದ್ದರಿಂದ, ಒಂದು ಇನ್ನೊಂದನ್ನು ಅವಲಂಬಿಸಬೇಕಾದಲ್ಲಿ ಅದನ್ನು ನಿಯಮಗಳಿಂದಲೇ ಹೇಳಬೇಕು. ಇದು ಮುಂದೆ ಬಹಳ ಮುಖ್ಯವಾಗುತ್ತದೆ.

ಹಂತ 3: ಸಣ್ಣ ಉದಾಹರಣೆಯನ್ನು ಕೈಯಲ್ಲೇ ಬಿಡಿಸಿ

ಐದು ಲೈನ್ ಎಂದರೆ 32 ಲೋಕಗಳು. ಎಲ್ಲವನ್ನೂ ಬರೆಯುವ ಬದಲು ಅಡ್ಡ ಲೈನನ್ನು ಹಿಡಿದು ಎರಡು ಭಾಗ ಮಾಡೋಣ.

ಅಡ್ಡ ಲೈನ್ ಸರಿಯಿದ್ದರೆ ಅ ಮತ್ತು ಬ ಒಂದೇ ಬಿಂದುವಿದ್ದಂತೆ. ಕೇಂದ್ರದಿಂದ ಅಲ್ಲಿಗೆ ಎರಡು ಸಮಾಂತರ ಲೈನ್‌ಗಳು, ಎರಡೂ ಕೆಡುವ ಸಂಭವನೀಯತೆ 0.1 × 0.2 = 0.02. ಅಲ್ಲಿಂದ ಆಸ್ಪತ್ರೆಗೂ ಹಾಗೆಯೇ. ಆದ್ದರಿಂದ ವಿದ್ಯುತ್ ತಲುಪುವ ಸಂಭವನೀಯತೆ 0.98 × 0.98 = 0.9604.

ಅಡ್ಡ ಲೈನ್ ಕೆಟ್ಟಿದ್ದರೆ ಎರಡು ಬೇರೆ ಬೇರೆ ದಾರಿಗಳು ಉಳಿಯುತ್ತವೆ. ಅ ಮೂಲಕ ಹೋಗುವುದು 0.81, ಬ ಮೂಲಕ ಹೋಗುವುದು 0.64. ಎರಡೂ ಕೈಕೊಡುವ ಸಂಭವನೀಯತೆ 0.19 × 0.36 = 0.0684. ಹಾಗಾಗಿ ತಲುಪುವುದು 0.9316.

ಅಡ್ಡ ಲೈನಿನ ಸಂಭವನೀಯತೆ 0.5 ಆದ್ದರಿಂದ ಎರಡರ ಸರಾಸರಿಯೇ ಉತ್ತರ: 0.946.

ಈಗ ಅವಸರದ ದಾರಿ ಏನು ಹೇಳುತ್ತದೆ ನೋಡಿ. ಕೇಂದ್ರದಿಂದ ಆಸ್ಪತ್ರೆಗೆ ಒಟ್ಟು ನಾಲ್ಕು ದಾರಿಗಳಿವೆ: 0.81, 0.64, ಅಡ್ಡ ಲೈನ್ ಬಳಸುವ ಎರಡು ದಾರಿಗಳು ತಲಾ 0.36. ಸುಮ್ಮನೆ ಕೂಡಿದರೆ 2.17 ಬರುತ್ತದೆ. ಒಂದನ್ನು ಮೀರಿದ ಸಂಭವನೀಯತೆ ಇರಲು ಸಾಧ್ಯವಿಲ್ಲ, ಈ ತಪ್ಪು ಯಾರ ಕಣ್ಣಿಗಾದರೂ ಬೀಳುತ್ತದೆ. ಅಪಾಯಕಾರಿಯಾದದ್ದು ಇನ್ನೊಂದು. ನಾಲ್ಕು ದಾರಿಗಳೂ ಪರಸ್ಪರ ಸ್ವತಂತ್ರ ಎಂದುಕೊಂಡು 'ನಾಯ್ಸಿ-ಆರ್' ಎಂಬ ಸಿದ್ಧ ಸೂತ್ರಕ್ಕೆ ಹಾಕಿದರೆ 1 − (0.19 × 0.36 × 0.64 × 0.64), ಅಂದರೆ ಸುಮಾರು 0.972. ನೋಡಲು ಅಚ್ಚುಕಟ್ಟಾದ ಸಂಖ್ಯೆ. ಆದರೆ ಆಸ್ಪತ್ರೆ ಕತ್ತಲಾಗುವ ನಿಜವಾದ ಸಂಭವನೀಯತೆ ಶೇ 5.4 ಇರುವಲ್ಲಿ ಇದು ಶೇ 2.8 ಎನ್ನುತ್ತದೆ. ಅಪಾಯದ ಅರ್ಧದಷ್ಟು ಮಾಯವಾಗಿದೆ. ದಾರಿಗಳು ಲೈನ್‌ಗಳನ್ನು ಹಂಚಿಕೊಂಡಿವೆ, ಒಂದು ಲೈನ್ ಕೆಟ್ಟರೆ ಎರಡು ದಾರಿಗಳು ಒಟ್ಟಿಗೇ ಹೋಗುತ್ತವೆ ಎಂಬುದನ್ನು ಆ ಸೂತ್ರ ಕೇಳಲೇ ಇಲ್ಲ.

ಹಂತ 4: ನಿಧಾನವಾಗುವುದು ಎಲ್ಲಿ ಎಂದು ಪತ್ತೆಹಚ್ಚಿ

20 ಲೈನ್‌ಗಳಾದರೆ ಲೋಕಗಳ ಸಂಖ್ಯೆ 10,48,576. ಐವತ್ತಾದರೆ ಹತ್ತು ಕೋಟಿ ಕೋಟಿಯನ್ನೂ ದಾಟುತ್ತದೆ. ಎರಡು ಬಿಂದುಗಳ ನಡುವಿನ ಸಂಪರ್ಕದ ಸಂಭವನೀಯತೆಯನ್ನು ಕರಾರುವಾಕ್ಕಾಗಿ ಕಂಡುಹಿಡಿಯುವುದು ಎಣಿಕೆಯ ಅತಿ ಕಠಿಣ ಸಮಸ್ಯೆಗಳ ಸಾಲಿಗೆ ಸೇರುತ್ತದೆ ಎಂದು ಲೆಸ್ಲಿ ವ್ಯಾಲಿಯಂಟ್ 1979ರಲ್ಲೇ ತೋರಿಸಿದ್ದರು. ಹಾಗಿದ್ದೂ ಪ್ರಾಬ್‌ಲಾಗ್‌ನಂಥ ವ್ಯವಸ್ಥೆಗಳು ನೂರಾರು ಸಂಗತಿಗಳಿರುವ ಅನೇಕ ಮಾದರಿಗಳನ್ನು ನಿಭಾಯಿಸುತ್ತವೆ. ಅವು ಲೋಕಗಳನ್ನು ಒಂದೊಂದಾಗಿ ಎಣಿಸದೆ, ಪ್ರಶ್ನೆಯನ್ನು ಬೈನರಿ ಡಿಸಿಷನ್ ಡಯಾಗ್ರಾಮ್‌ನಂಥ ಸಂಕ್ಷಿಪ್ತ ಚಿತ್ರವಾಗಿ ಮಾರ್ಪಡಿಸುತ್ತವೆ. ಒಂದೇ ಬಗೆಯ ಉಪಸಮಸ್ಯೆ ಮರುಕಳಿಸಿದರೆ ಚಿತ್ರದಲ್ಲಿ ಅದಕ್ಕೆ ಒಂದೇ ಜಾಗ.

ಆದ್ದರಿಂದ ಸಂಗತಿಗಳ ಸಂಖ್ಯೆ ನೋಡಿ ಹೆದರಬೇಡಿ. ನೋಡಬೇಕಾದ್ದು ಹೆಣಿಗೆಯ ದಟ್ಟಣೆಯನ್ನು. ಸಾವಿರ ಲೈನ್‌ಗಳಿದ್ದರೂ ಜಾಲ ಮರದಂತೆ ಕವಲೊಡೆದಿದ್ದರೆ ಲೆಕ್ಕ ಹಗುರ. ಮೂವತ್ತೇ ಬಿಂದುಗಳಿದ್ದು ಎಲ್ಲಕ್ಕೂ ಎಲ್ಲವೂ ಜೋಡಿಸಿಕೊಂಡಿದ್ದರೆ ಲೆಕ್ಕ ಕೂತುಬಿಡುತ್ತದೆ. ಮಾದರಿಯನ್ನು ತುಂಡು ತುಂಡಾಗಿ ಓಡಿಸಿ ಸಮಯ ಅಳೆಯಿರಿ. ಬಹುಪಾಲು ಸಮಯವನ್ನು ಒಂದೆರಡು ನಿಯಮಗಳೇ ತಿನ್ನುತ್ತಿರುತ್ತವೆ.

ಕರಾರುವಾಕ್ಕು ಬೇಡ, ಅಂದಾಜು ಸಾಕು ಎಂದಾದರೆ ಕೆಲವು ಲೋಕಗಳನ್ನು ಯಾದೃಚ್ಛಿಕವಾಗಿ ಹುಟ್ಟಿಸಿ, ಉತ್ತರ ನಿಜವಾದವು ಎಷ್ಟು ಎಂದು ಎಣಿಸಬಹುದು. ನಮ್ಮ ಉದಾಹರಣೆಯಲ್ಲಿ 10,000 ಲೋಕಗಳಿಗೆ ಪ್ರಮಾಣಿತ ದೋಷ (ಅಂದಾಜು ಎಷ್ಟು ಹೊಯ್ದಾಡುತ್ತದೆ ಎಂಬ ಅಳತೆ) ಸುಮಾರು 0.0023, ಜಾಲ ಎಷ್ಟೇ ದೊಡ್ಡದಾಗಲಿ ಉತ್ತರ ಇದೇ ಸಂಖ್ಯೆಯಾಗಿದ್ದರೆ ದೋಷವೂ ಇಷ್ಟೇ. ಲಕ್ಷಕ್ಕೊಮ್ಮೆ ಆಗುವ ಅವಘಡದ ಪ್ರಶ್ನೆಗೆ ಮಾತ್ರ ಈ ದಾರಿ ಒದಗುವುದಿಲ್ಲ. ಹತ್ತು ಸಾವಿರ ಲೋಕಗಳಲ್ಲಿ ಅದು ಒಮ್ಮೆಯೂ ಕಾಣಿಸದೇ ಹೋಗಬಹುದು.

ಹಂತ 5: ವಿಶೇಷ ಸಾಧನವನ್ನು ಅದರ ಷರತ್ತಿನಿಂದ ಆರಿಸಿ

ಪ್ರತಿ ವಿಶೇಷ ಸಾಧನವೂ ವೇಗವನ್ನು ಒಂದು ಷರತ್ತಿನ ಬೆಲೆಗೆ ಕೊಡುತ್ತದೆ. ಆ ಷರತ್ತನ್ನು ಒಂದು ವಾಕ್ಯದಲ್ಲಿ ಹೇಳಲು ಬಾರದಿದ್ದರೆ ಆ ಸಾಧನವನ್ನು ಮುಟ್ಟಬೇಡಿ.

ಸಾತೋ ಮತ್ತು ಕಮೆಯಾ ಅವರ ಪ್ರಿಸಮ್ ಎಂಬ ಸಂಭವನೀಯ ತರ್ಕ ವ್ಯವಸ್ಥೆಯ ಷರತ್ತು: ಒಂದು ಉತ್ತರಕ್ಕೆ ಸಿಗುವ ವಿವರಣೆಗಳು (ಆ ಉತ್ತರ ನಿಜವಾಗುವ ಬೇರೆ ಬೇರೆ ಬಗೆಗಳು) ಏಕಕಾಲಕ್ಕೆ ನಿಜವಾಗಬಾರದು. ಕಾಲಾನುಕ್ರಮದ ಮಾದರಿಗಳಿಗೂ ವ್ಯಾಕರಣದ ಮಾದರಿಗಳಿಗೂ ಈ ಷರತ್ತು ತಾನಾಗಿಯೇ ಹೊಂದುತ್ತದೆ. ಹೊಂದಿದಾಗ ಸಂಭವನೀಯತೆಗಳನ್ನು ನೇರವಾಗಿ ಕೂಡಿಬಿಡಬಹುದು, ಅದೇ ಅದರ ವೇಗದ ಮೂಲ. ನಮ್ಮ ವಿದ್ಯುತ್ ಜಾಲಕ್ಕೆ ಅದು ಹೊಂದುವುದಿಲ್ಲ. ನಾಲ್ಕು ದಾರಿಗಳೂ ಒಮ್ಮೆಲೇ ತೆರೆದಿರಬಹುದು, ಹಂತ 3ರಲ್ಲಿ 2.17 ಬಂದದ್ದು ಆ ಕಾರಣಕ್ಕೇ.

ಹಿಡನ್ ಮಾರ್ಕೊವ್ ಮಾದರಿಯ ಷರತ್ತು: ನಾಳೆಯ ಸ್ಥಿತಿ ಇಂದಿನ ಸ್ಥಿತಿಯನ್ನಷ್ಟೇ ನೆಚ್ಚಿರಬೇಕು. ಒಂದು ಲೈನಿಗೆ 'ಸರಿ, ದುರ್ಬಲ, ಕೆಟ್ಟಿದೆ' ಎಂಬ ಮೂರು ಸ್ಥಿತಿಗಳಿದ್ದು ಮೂವತ್ತು ದಿನ ಗಮನಿಸಿದರೆ, ಸಾಧ್ಯ ಸರಣಿಗಳು ಸುಮಾರು 206 ಲಕ್ಷ ಕೋಟಿ. ದಿನದಿಂದ ದಿನಕ್ಕೆ ಮೊತ್ತವನ್ನು ಒಯ್ಯುವ ಫಾರ್ವರ್ಡ್ ವಿಧಾನಕ್ಕೆ ಸುಮಾರು 270 ಗುಣಾಕಾರಗಳು ಸಾಕು. ಕಾಲಾನುಕ್ರಮದ ತುಂಡು ಸಿಕ್ಕಿದರೆ ಅದನ್ನು ಮೊದಲು ಇಲ್ಲಿಗೆ ಒಪ್ಪಿಸಿ, ಇಷ್ಟು ಅಗ್ಗದ ಲಾಭ ಬೇರೆಲ್ಲೂ ಸಿಗುವುದಿಲ್ಲ.

ಪ್ರಾಬಬಿಲಿಸ್ಟಿಕ್ ಸಾಫ್ಟ್ ಲಾಜಿಕ್ ಬಗ್ಗೆ ವಿಶೇಷ ಎಚ್ಚರ ಬೇಕು. ಅದು ಸತ್ಯಮೌಲ್ಯವನ್ನೇ ಸೊನ್ನೆಯಿಂದ ಒಂದರವರೆಗಿನ ಸಂಖ್ಯೆಯಾಗಿ ಮಾಡಿ, ಸಮಸ್ಯೆಯನ್ನು ಪೀನ (ಕಾನ್ವೆಕ್ಸ್) ಕನಿಷ್ಠೀಕರಣದ, ಅಂದರೆ ಒಂದೇ ತಳವಿರುವ ಬಟ್ಟಲಿನ ತಳ ಹುಡುಕುವಂಥ ಲೆಕ್ಕವಾಗಿಸುತ್ತದೆ. ಆದ್ದರಿಂದ ಭಾರೀ ಗಾತ್ರದ ದತ್ತಾಂಶಕ್ಕೂ ವೇಗವಾಗಿ ಉತ್ತರಿಸುತ್ತದೆ. ಆದರೆ ಆ ಸಂಖ್ಯೆಗಳು ಸಂಭವನೀಯತೆಗಳಲ್ಲ. ತಲಾ 0.6ರ ಮೂರು ಕೊಂಡಿಗಳು ಒಟ್ಟಿಗೆ ನಿಲ್ಲುವ ಸಂಭವನೀಯತೆ, ಅವು ಸ್ವತಂತ್ರವಾಗಿದ್ದರೆ, 0.216. ಸಾಫ್ಟ್ ಲಾಜಿಕ್ ಬಳಸುವ 'ಮತ್ತು' ಪ್ರಕಾರ ಅದೇ ಮೂರರ ಮೌಲ್ಯ ಸೊನ್ನೆ: 0.6 ಕೂಡಿಸು 0.6 ಕಳೆ 1 ಎಂದರೆ 0.2, ಅದಕ್ಕೆ ಮತ್ತೊಂದು 0.6 ಕೂಡಿ 1 ಕಳೆದರೆ ಸೊನ್ನೆಗಿಂತ ಕೆಳಗೆ. ಯಾವುದು ಹೆಚ್ಚು ನಂಬಲರ್ಹ, ಯಾವುದು ಕಡಿಮೆ ಎಂದು ಸಾಲುಗಟ್ಟಿಸಲು ಅದು ಒಳ್ಳೆಯ ಸಾಧನ. ಶೇಕಡಾವಾರು ಅಪಾಯ ಹೇಳಲು ಅಲ್ಲ.

ಮಾರ್ಕೊವ್ ತರ್ಕ ಜಾಲವನ್ನು ಮ್ಯಾಥ್ಯೂ ರಿಚರ್ಡ್‌ಸನ್ ಮತ್ತು ಪೆಡ್ರೊ ಡೊಮಿಂಗೋಸ್ 2006ರಲ್ಲಿ ಮಂಡಿಸಿದರು. ಅದು ಸಾಮಾನ್ಯ ಚೌಕಟ್ಟೇ ಆದರೂ ಅಲ್ಲಿ ನಿಯಮಕ್ಕೆ ಕೊಡುವುದು ತೂಕವನ್ನು, ಸಂಭವನೀಯತೆಯನ್ನಲ್ಲ. ನೂರು ಜನರ ದತ್ತಾಂಶದಲ್ಲಿ ಕಲಿತ ತೂಕವನ್ನು ಹತ್ತು ಸಾವಿರ ಜನರಿಗೆ ಹಾಗೆಯೇ ಹಚ್ಚಿದರೆ ಒಬ್ಬೊಬ್ಬರ ಸಂಭವನೀಯತೆ ಬದಲಾಗಿಬಿಡಬಹುದು.

ಯಾವುದೂ ಪೂರ್ತಿ ಹೊಂದದಿದ್ದಾಗ ಹಂತ 3ರ ತಂತ್ರವೇ ಕೈಹಿಡಿಯುತ್ತದೆ. ಸರಣಿ ಮತ್ತು ಸಮಾಂತರ ಜೋಡಣೆಯ ಸೂತ್ರ ನಮ್ಮ ಜಾಲಕ್ಕೆ ಹೊಂದುತ್ತಿರಲಿಲ್ಲ, ಅಡ್ಡ ಲೈನ್ ಅಡ್ಡಿಯಾಗಿತ್ತು. ಅದರ ಸ್ಥಿತಿಯನ್ನು ಎರಡು ಸಂದರ್ಭಗಳಾಗಿ ಒಡೆದ ಕೂಡಲೇ ಎರಡರಲ್ಲೂ ಸೂತ್ರ ನಡೆಯಿತು. ತೊಡಕಿನ ಲೈನ್‌ಗಳು ಹತ್ತಿದ್ದರೆ 1,024 ಸಂದರ್ಭಗಳಾಗುತ್ತವೆ, ಪ್ರತಿಯೊಂದರಲ್ಲೂ ಕೆಲಸ ಕ್ಷಣದ್ದು. ತೊಡಕಿನ ಕೆಲವನ್ನು ಸಾಮಾನ್ಯ ಯಂತ್ರ ನೋಡಿಕೊಳ್ಳಲಿ, ಉಳಿದ ಸಾವಿರವನ್ನು ಸೂತ್ರ ನೋಡಿಕೊಳ್ಳಲಿ. ಈ ಹಂಚಿಕೆಯೇ ಸಮತೋಲನದ ಅತ್ಯಂತ ಪ್ರಾಮಾಣಿಕ ರೂಪ ಎಂದು ನಾನು ನಂಬಿದ್ದೇನೆ, ಏಕೆಂದರೆ ಇಲ್ಲಿ ಯಾವ ಅವಲಂಬನೆಯನ್ನೂ ಮರೆಮಾಚಿಲ್ಲ.

ಹಂತ 6: ಗಡಿಯಲ್ಲಿ ಏನು ದಾಟುತ್ತದೆ ಎಂದು ಪರೀಕ್ಷಿಸಿ

ಬಹುತೇಕ ತಪ್ಪುಗಳು ಹುಟ್ಟುವುದು ಎರಡು ಸಾಧನಗಳು ಸಂಧಿಸುವ ಜಾಗದಲ್ಲಿ, ಅದರಲ್ಲೂ ಎರಡು ಬಗೆಯಲ್ಲಿ.

ಮೊದಲನೆಯದು ಸಮಾನ ಕಾರಣ. ಬೇರೆ ಒಂದು ತಾಣಕ್ಕೆ ಎರಡು ಸಮಾಂತರ ಲೈನ್‌ಗಳಿವೆ, ತಲಾ 0.9 ಎಂದುಕೊಳ್ಳಿ. ಸ್ವತಂತ್ರ ಎಂದರೆ ಎರಡೂ ಕೆಡುವ ಸಂಭವನೀಯತೆ 0.01. ಈಗ ಗಾಳಿಮಳೆಯನ್ನು ಸೇರಿಸಿ. ಗಾಳಿಮಳೆಯ ಸಂಭವನೀಯತೆ 0.1. ಅದು ಇಲ್ಲದಾಗ ಪ್ರತಿ ಲೈನ್ 0.95, ಇದ್ದಾಗ 0.45. ಒಂದೊಂದೇ ಲೈನನ್ನು ನೋಡಿದರೆ ಸರಾಸರಿ ಮೊದಲಿನ 0.9 ಆಗಿಯೇ ಇದೆ: 0.9 × 0.95 + 0.1 × 0.45. ಆದರೆ ಎರಡೂ ಕೆಡುವುದು 0.9 × 0.05 × 0.05 + 0.1 × 0.55 × 0.55 = 0.0325. ಮೂರು ಪಟ್ಟಿಗೂ ಹೆಚ್ಚು.

ಸಾಮಾನ್ಯ ಭಾಷೆಯಲ್ಲಿ ಇದನ್ನು ಹೇಳಲು 'ಗಾಳಿಮಳೆ' ಎಂಬ ಒಂದು ಸಂಗತಿ, ಅದನ್ನು ಉಲ್ಲೇಖಿಸುವ ಕೆಲವೇ ನಿಯಮಗಳು ಸಾಕು. ವಿಶೇಷ ಸಾಧನಕ್ಕೆ ಒಪ್ಪಿಸುವಾಗ ಮಾತ್ರ ಗಡಿಯ ಆಚೆಯಿಂದ 0.9675 (1 − 0.0325) ಎಂಬ ಒಂದೇ ಸಂಖ್ಯೆಯನ್ನು ಪಡೆದು ತೃಪ್ತರಾಗಬೇಡಿ. ಗಾಳಿಮಳೆ ಜಾಲದ ಬೇರೆ ಭಾಗವನ್ನೂ ಬಾಧಿಸುತ್ತದೆ ಎಂದಾದರೆ ಆ ಒಂದೇ ಸಂಖ್ಯೆ ಅವುಗಳ ನಂಟನ್ನು ಕಡಿದುಹಾಕುತ್ತದೆ. ಸಾಧನ ಎರಡು ಸಂಖ್ಯೆಗಳನ್ನು ಕೊಡಬೇಕು: ಗಾಳಿಮಳೆ ಇಲ್ಲದಾಗ 0.9975, ಇದ್ದಾಗ 0.6975. ನಿಯಮ ಇಷ್ಟು: ಗಡಿಯ ಎರಡೂ ಬದಿಗೆ ಚಾಚಿಕೊಂಡಿರುವ ಪ್ರತಿ ಚರಾಂಶದ ಪ್ರತಿ ಸ್ಥಿತಿಗೂ ಒಂದೊಂದು ಉತ್ತರ ದಾಟಬೇಕು. ಅಂಥ ಚರಾಂಶಗಳು ಎರಡು ಮೂರಿದ್ದರೆ ಗಡಿ ಒಳ್ಳೆಯ ಜಾಗದಲ್ಲಿದೆ. ಹತ್ತು ಹದಿನೈದಿದ್ದರೆ ಬೇರೆ ಕಡೆ ಕತ್ತರಿಸಿ.

ಎರಡನೆಯದು ಪೂರ್ವ ಸಂಭವನೀಯತೆ (ಸಾಕ್ಷ್ಯ ನೋಡುವ ಮೊದಲೇ ಇರುವ ಸಂಭವನೀಯತೆ) ಎರಡು ಸಲ ಲೆಕ್ಕಕ್ಕೆ ಬರುವುದು, ಅಥವಾ ತಪ್ಪಾದದ್ದು ಬರುವುದು. ಲೈನಿನ ಚಿತ್ರ ನೋಡಿ 'ಹಾನಿಯಾಗಿದೆ' ಎಂದು ಹೇಳುವ ನ್ಯೂರಲ್ ನೆಟ್‌ವರ್ಕ್ ಒಂದನ್ನು ತರ್ಕದ ಮಾದರಿಗೆ ಜೋಡಿಸುತ್ತೀರಿ. ಅದು 0.8 ಎನ್ನುತ್ತದೆ. ತರಬೇತಿಯ ಚಿತ್ರಗಳಲ್ಲಿ ಅರ್ಧದಷ್ಟು ಹಾನಿಯಾದವು, ನಿಜ ಜಾಲದಲ್ಲಿ ಹತ್ತಕ್ಕೆ ಒಂದು ಮಾತ್ರ. ಹಾಗಾದರೆ ಆ 0.8ರಲ್ಲಿ ತರಬೇತಿಯ ಅರ್ಧವೂ ಬೆರೆತಿದೆ. ಅದನ್ನು ತೆಗೆದರೆ ಉಳಿಯುವ ಸಾಕ್ಷ್ಯ ನಾಲ್ಕಕ್ಕೆ ಒಂದರ ಅನುಪಾತ. ಅದನ್ನು ನಿಜವಾದ ಪೂರ್ವ ಸಂಭವನೀಯತೆಗೆ ಹಚ್ಚಿದರೆ ಹಾನಿಯ ಪಾಲು 4 × 0.1 = 0.4, ಹಾನಿ ಇಲ್ಲದ ಪಾಲು 1 × 0.9 = 0.9; ಆದ್ದರಿಂದ ಉತ್ತರ 0.4 ÷ 1.3, ಅಂದರೆ ಸುಮಾರು 0.31. ಸುಮ್ಮನೆ '0.8 :: ಹಾನಿ' ಎಂದು ಬರೆದುಬಿಟ್ಟರೆ ಮಾದರಿಯ ಉಳಿದೆಲ್ಲ ತರ್ಕ ಸರಿಯಿದ್ದೂ ಉತ್ತರ ಕೆಡುತ್ತದೆ. ಗಡಿಯಲ್ಲಿ ಅನುಪಾತ ದಾಟಲಿ, ಪೂರ್ವ ಸಂಭವನೀಯತೆ ತರ್ಕದ ಮಾದರಿಯೊಳಗೆ ಒಂದೇ ಕಡೆ ಇರಲಿ.

ಹಂತ 7: ಸಾಮಾನ್ಯ ಮಾದರಿಯಿಂದ ತಾಳೆ ನೋಡಿ

ವಿಶೇಷ ಸಾಧನದ ಉತ್ತರ ಸಾಧ್ಯವಾದ ಎಲ್ಲೆಯೊಳಗಿದೆಯೇ ಎಂಬುದು ಮೊದಲ ಪರೀಕ್ಷೆ. ನಮ್ಮ ಜಾಲದಲ್ಲಿ ಒಳ್ಳೆಯ ಒಂದು ದಾರಿಯೇ 0.81 ಇರುವುದರಿಂದ ಉತ್ತರ ಅದಕ್ಕಿಂತ ಕಡಿಮೆಯಾಗದು. ಕೇಂದ್ರದ ಎರಡೂ ಲೈನ್ ಕೆಡುವುದು 0.02 ಆದ್ದರಿಂದ 0.98ಕ್ಕಿಂತ ಹೆಚ್ಚಾಗದು. ಈ ಪರೀಕ್ಷೆ ಅಗತ್ಯ, ಆದರೆ ಸಾಲದು. ಹಂತ 3ರ ತಪ್ಪು ಉತ್ತರ 0.972 ಕೂಡ ಈ ಎಲ್ಲೆಯೊಳಗೆ ಆರಾಮವಾಗಿ ಕೂರುತ್ತದೆ!

ಆದ್ದರಿಂದ ನಿಜವಾದ ತಾಳೆಯನ್ನು ಚಿಕ್ಕ ಜಾಲಗಳ ಮೇಲೆ ಮಾಡಬೇಕು. ನಾಲ್ಕರಿಂದ ಹತ್ತು ಲೈನ್‌ಗಳ ನೂರಾರು ಜಾಲಗಳನ್ನು ಯಾದೃಚ್ಛಿಕವಾಗಿ ಹುಟ್ಟಿಸಿ. ಒಂದೊಂದಕ್ಕೂ ಎಲ್ಲ ಲೋಕಗಳನ್ನು ಎಣಿಸಿದ ಉತ್ತರ, ಸಾಮಾನ್ಯ ಚೌಕಟ್ಟಿನ ಉತ್ತರ, ವಿಶೇಷ ಸಾಧನದ ಉತ್ತರ ಮೂರನ್ನೂ ಪಕ್ಕಪಕ್ಕ ಇಡಿ. ಕರಾರುವಾಕ್ಕು ಎಂದು ಹೇಳಿಕೊಳ್ಳುವ ಸಾಧನ ದಶಾಂಶದ ಒಂಬತ್ತನೇ ಸ್ಥಾನದವರೆಗೂ ಹೊಂದಬೇಕು. ಜಾಲಗಳಲ್ಲಿ ಸುತ್ತು, ಸಮಾನ ಕಾರಣ, ಸೊನ್ನೆ ಮತ್ತು ಒಂದರ ಸಂಭವನೀಯತೆಗಳು ಖಂಡಿತ ಇರಲಿ, ದೋಷಗಳು ಅಡಗುವುದು ಅಲ್ಲೇ. ಎಲ್ಲಾದರೂ ವ್ಯತ್ಯಾಸ ಕಂಡರೆ ಆ ಜಾಲದಿಂದ ಒಂದೊಂದೇ ಲೈನ್ ತೆಗೆಯುತ್ತ ಹೋಗಿ. ವ್ಯತ್ಯಾಸ ಉಳಿಯುವ ಅತಿ ಚಿಕ್ಕ ಜಾಲ ಸಿಕ್ಕಾಗ ಮುರಿದ ಷರತ್ತು ಯಾವುದೆಂದು ಕಣ್ಣಿಗೇ ಕಾಣುತ್ತದೆ. ಅಡ್ಡ ಲೈನ್ ಇಲ್ಲದ ಜಾಲದಲ್ಲಿ ನಾಯ್ಸಿ-ಆರ್ ಸೂತ್ರ ಸರಿಯಾಗಿ 0.9316 ಕೊಡುತ್ತದೆ. ಅಡ್ಡ ಲೈನ್ ಸೇರಿಸಿದಾಗ ಮಾತ್ರ ದಾರಿ ತಪ್ಪುತ್ತದೆ.

ಹಂತ 8: ಷರತ್ತನ್ನು ಕೋಡ್‌ನಲ್ಲೇ ಕಾವಲಿಡಿ

ಇಂದು ಮರದಂತಿರುವ ಜಾಲಕ್ಕೆ ಮುಂದೊಂದು ದಿನ ಯಾರೋ ಒಂದು ಅಡ್ಡ ಲೈನ್ ಸೇರಿಸುತ್ತಾರೆ. ಸಾಮಾನ್ಯ ಮಾದರಿಗೆ ಅದು ಒಂದು ಹೊಸ ಸಾಲು, ಅಷ್ಟೇ. ವಿಶೇಷ ಸೂತ್ರ ಮಾತ್ರ ಏನೂ ಆಗಿಲ್ಲವೆಂಬಂತೆ ಹಳೆಯ ಲೆಕ್ಕವನ್ನೇ ಮುಂದುವರಿಸುತ್ತದೆ. ಆದ್ದರಿಂದ ವಿಶೇಷ ಸಾಧನವನ್ನು ಕರೆಯುವ ಮೊದಲು ಅದರ ಷರತ್ತನ್ನು ಪ್ರತಿ ಸಲವೂ ಪರೀಕ್ಷಿಸುವ ಸಾಲುಗಳನ್ನು ಬರೆಯಿರಿ. ಜಾಲ ಮರವೇ? ಬಿಂದುಗಳ ಸಂಖ್ಯೆಗಿಂತ ಲೈನ್‌ಗಳ ಸಂಖ್ಯೆ ಸರಿಯಾಗಿ ಒಂದು ಕಡಿಮೆ ಇದ್ದು, ಎಲ್ಲ ಬಿಂದುಗಳೂ ಕೂಡಿಕೊಂಡಿವೆಯೇ? ಎರಡು ದಾರಿಗಳು ಲೈನ್ ಹಂಚಿಕೊಂಡಿವೆಯೇ? ಗಡಿ ದಾಟುವ ಚರಾಂಶಗಳು ಮೊದಲಿನವೇ, ಹೊಸದು ಸೇರಿದೆಯೇ? ಷರತ್ತು ಮುರಿದಿದ್ದರೆ ಪ್ರೋಗ್ರಾಂ ತಾನಾಗಿ ಸಾಮಾನ್ಯ ಮಾದರಿಗೆ ಮರಳಲಿ. ಅಲ್ಲೂ ಸಮಯ ಮೀರಿದರೆ ಯಾದೃಚ್ಛಿಕ ಲೋಕಗಳ ಅಂದಾಜಿಗೆ ಇಳಿದು, ದೋಷದ ಅಳತೆಯನ್ನು ಉತ್ತರದ ಜೊತೆಗೇ ಅಚ್ಚುಮಾಡಲಿ.

ಕಲಿಕೆಯ ಹೊತ್ತಿಗೂ ಇದೇ ಕಾವಲು ಬೇಕು. ದತ್ತಾಂಶದಿಂದ ಸಂಭವನೀಯತೆಗಳನ್ನು ಕಲಿಸುವಾಗ ವಿಶೇಷ ಸಾಧನದ ಸುಳ್ಳು ಷರತ್ತನ್ನು ಸರಿದೂಗಿಸಲು ಕಲಿಕೆಯ ವಿಧಾನ ಲೈನ್‌ಗಳ ಸಂಭವನೀಯತೆಯನ್ನೇ ತಿರುಚುತ್ತದೆ. ಹಾಗೆ ಕಲಿತ ಸಂಖ್ಯೆಗಳು ಆ ಸಾಧನದೊಳಗೆ ಚೆನ್ನಾಗಿಯೇ ಹೊಂದುತ್ತವೆ, ಸಾಮಾನ್ಯ ಮಾದರಿಗೆ ತಂದಾಗ ಹೊಂದುವುದಿಲ್ಲ. ಆದ್ದರಿಂದ ಕಲಿತ ಪ್ರತಿ ಸಂಖ್ಯೆಯ ಪಕ್ಕದಲ್ಲಿ ಅದನ್ನು ಯಾವ ಸಾಧನದಲ್ಲಿ, ಯಾವ ಷರತ್ತಿನ ಅಡಿಯಲ್ಲಿ ಕಲಿತದ್ದು ಎಂದು ಬರೆದಿಡಿ. ಸಾಧನ ಬದಲಿಸಿದ ದಿನ ಆ ಸಂಖ್ಯೆಗಳನ್ನು ಮರುಬಳಸದೆ ಹೊಸದಾಗಿ ಕಲಿಸಿ.